ಹಳೆಯ ಚಬ್ ತಿಜೋರಿಯ ಒಳಖಾನೆಯ ಬೀಗದ ಕೈ ಕಳೆದಿದೆ; ಒಡೆಯದೆ ಹೊಸದು ಮಾಡಿಸಬಹುದೇ?

ಪ್ರಶ್ನೆ (ಕುಮಟಾ)

ನಮಸ್ಕಾರ. ಕುಮಟಾದ ನಮ್ಮ ಮೂಲಮನೆಯಲ್ಲಿ ಎದೆಯೆತ್ತರದ ಒಂದು ಕಬ್ಬಿಣದ ತಿಜೋರಿ ಇದೆ. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಬಂದು ಕುಮಟಾ ಬಂದರಿನಿಂದ ಮುಂಬಯಿಗೆ ಹೋಗುತ್ತಿದ್ದ ಕಾಲದಲ್ಲಿ ನಮ್ಮ ಹಿರಿಯರು ಹತ್ತಿಯ ದಲ್ಲಾಳಿಗಳಾಗಿದ್ದರು. ಆ ವ್ಯವಹಾರದ ನಂಟಿನಿಂದ ಮುಂಬಯಿಯಲ್ಲಿ ಕೊಂಡು ತಂದದ್ದೆಂದು ಮನೆಯಲ್ಲಿ ಹೇಳುತ್ತಾರೆ. ಬಾಗಿಲಿನ ಹಿತ್ತಾಳೆಯ ಫಲಕದ ಮೇಲೆ ಚಬ್ ಎಂಬ ಹೆಸರೂ ಲಂಡನ್ನಿನ ವಿಳಾಸವೂ 'ಮಹಾರಾಣಿಯವರಿಗೆ ತಯಾರಕರು' ಎಂಬ ಅರ್ಥದ ಇಂಗ್ಲಿಷ್ ಬರಹವೂ ಇವೆ. ಮಹಾರಾಣಿ ಎಂದರೆ ವಿಕ್ಟೋರಿಯಾ ಇರಬೇಕಾದ್ದರಿಂದ, ಆಕೆ ತೀರಿಕೊಂಡ 1901ಕ್ಕೆ ಹಿಂದಿನದು ಎಂದು ನಾನು ಲೆಕ್ಕ ಹಾಕಿದ್ದೇನೆ.

ಹೊರಬಾಗಿಲಿನ ಬೀಗದ ಕೈ ಒಂದೇ ಒಂದು ನಮ್ಮಲ್ಲಿ ಉಳಿದಿದ್ದು, ಅದು ಸರಾಗವಾಗಿ ತಿರುಗುತ್ತದೆ. ತೊಂದರೆ ಇರುವುದು ಒಳಗೆ. ಎಡಗಡೆಗೆ ಬೀಗವಿಲ್ಲದ ಡ್ರಾಯರ್, ಬಲಗಡೆಗೆ ಸುಮಾರು ಒಂದು ಗೇಣು ಅಗಲದ ಪುಟ್ಟ ಬಾಗಿಲಿರುವ ಖಾನೆ. ಈ ಖಾನೆಯ ಬೀಗದ ಕೈ ಅಜ್ಜಿಯ ಬಳಿ ಇರುತ್ತಿತ್ತು. ಅವರು ತೀರಿಕೊಂಡ ಮೇಲೆ ಎಲ್ಲಿಯೂ ಸಿಕ್ಕಿಲ್ಲ.

ಕಳೆದ ತಿಂಗಳು ಪೇಟೆಯಿಂದ ಬೀಗದ ಕೈ ಮಾಡುವವರೊಬ್ಬರನ್ನು ಕರೆಸಿದ್ದೆವು. ಅವರು ಎರಡು ತಂತಿಗಳನ್ನು ತೂರಿಸಿ ಒಂದು ಗಂಟೆ ತಡಕಾಡಿದರು. ನಡುವೆ ಒಳಗೆ 'ಟಕ್' ಎಂದು ಸದ್ದಾಯಿತು. ಅಲ್ಲಿಂದಾಚೆಗೆ ಒಂದು ಪಟ್ಟಿ ಮೇಲೆಯೇ ಸಿಕ್ಕಿಕೊಂಡಿದೆ, ಕೆಳಗಿಳಿಯುತ್ತಿಲ್ಲ, ಬೀಗ ಕೆಟ್ಟಿದೆ, ಇನ್ನು ಡ್ರಿಲ್ ಹಾಕುವುದೊಂದೇ ದಾರಿ ಎಂದರು. ನಾವು ಬೇಡವೆಂದು ಹೇಳಿ ಕಳುಹಿಸಿದೆವು. ಬೀಗ ನಿಜವಾಗಿಯೂ ಕೆಟ್ಟಿದೆಯೇ? ಬಾಗಿಲನ್ನು ಹಾಳುಮಾಡದೆ ಹೊಸ ಬೀಗದ ಕೈ ಮಾಡಿಸಲು ಸಾಧ್ಯವೇ?

ಉತ್ತರ (ಉಡುಪಿ)

ಹೊಸದನ್ನು ಮಾಡಿಸುವ ಮೊದಲು ಹಳೆಯದನ್ನು ಇನ್ನೊಮ್ಮೆ ಹುಡುಕಿರಿ, ಆದರೆ ಯಾವ ಆಕಾರದ್ದನ್ನು ಹುಡುಕುತ್ತಿದ್ದೀರಿ ಎಂಬುದನ್ನು ತಿಳಿದುಕೊಂಡು ಹುಡುಕಿರಿ. ಟಾರ್ಚ್ ಹಿಡಿದು ಆ ಖಾನೆಯ ಬೀಗದ ಕಿಂಡಿಯೊಳಗೆ ನೋಡಿದರೆ ನಡುವೆ ಒಂದು ಸಣ್ಣ ಗೂಟ ನಿಂತಿರಬಹುದು. ಗೂಟವಿದ್ದರೆ ಬೀಗದ ಕೈಯ ತುದಿ ಕೊಳವೆಯಂತೆ ಪೊಳ್ಳಾಗಿರುತ್ತದೆ. ಇಲ್ಲದಿದ್ದರೆ ಗಟ್ಟಿ ದಂಡದ್ದಾಗಿರುತ್ತದೆ. ಕಿಂಡಿಯ ಎತ್ತರವನ್ನು ಒಂದು ಕಾಗದದ ಚೂರಿನ ಮೇಲೆ ಗುರುತು ಹಾಕಿಕೊಂಡರೆ ಹಲ್ಲಿನ ಉದ್ದವೂ ತಿಳಿಯುತ್ತದೆ. ಆ ಚೂರನ್ನು ಕೈಯಲ್ಲಿ ಹಿಡಿದು ಮನೆಯಲ್ಲಿರುವ ಅನಾಥ ಬೀಗದ ಕೈಗಳನ್ನೆಲ್ಲ ಹೋಲಿಸಿ ನೋಡಿರಿ.

ನಮ್ಮ ಅಜ್ಜಿಯ ಬೀಗದ ಕೈ ಕೊನೆಗೆ ಸಿಕ್ಕಿದ್ದು ದೇವರ ಕೋಣೆಯಲ್ಲಿ, ಗಂಧದ ಕೊರಡಿನ ಕೆಳಗೆ ಬಟ್ಟೆಯಲ್ಲಿ ಸುತ್ತಿಟ್ಟ ಸ್ಥಿತಿಯಲ್ಲಿ. ಅದು ಅಲ್ಲಿ ಆರು ವರ್ಷ ಇತ್ತು, ನಾವು ದಿನವೂ ಅದರ ಮೇಲೆಯೇ ಗಂಧ ತೇಯುತ್ತಿದ್ದೆವು. ನಿಮ್ಮ ತಿಜೋರಿಯ ಎಡಗಡೆಯ ಡ್ರಾಯರನ್ನು ಪೂರ್ತಿ ಹೊರಗೆಳೆದು ಅದರ ತಳವನ್ನೂ ಹಿಂಬದಿಯನ್ನೂ ನೋಡಲು ಮರೆಯಬೇಡಿ.

ಉತ್ತರ (ಹುಬ್ಬಳ್ಳಿ)

ನಾನು ಬೀಗದ ಕೆಲಸವನ್ನೇ ಕಸುಬಾಗಿ ಮಾಡುವವನು. ನಮ್ಮ ಕಡೆ ಬೀಗಕ್ಕೆ ಕೀಲಿ ಎಂದೂ ಬೀಗದ ಕೈಗೆ ಕೀಲಿಕೈ ಎಂದೂ ಹೇಳುತ್ತೇವೆ. ಇಲ್ಲಿ ಗೊಂದಲವಾಗದಿರಲೆಂದು ತಮ್ಮ ಮಾತನ್ನೇ ಬಳಸುತ್ತೇನೆ.

ತಾವು ಹೇಳಿದ ಲಕ್ಷಣವನ್ನು ನೋಡಿದರೆ ಬೀಗ ಕೆಟ್ಟಿಲ್ಲ, ಮಾಡಬೇಕಾದುದನ್ನೇ ಮಾಡಿದೆ. ಇಂಥ ಲಿವರ್ ಬೀಗದೊಳಗೆ ಹಿತ್ತಾಳೆಯ ತೆಳುವಾದ ಪಟ್ಟಿಗಳು ಒಂದರ ಮೇಲೊಂದು ಒಂದೇ ಕಡ್ಡಿಗೆ ಪೋಣಿಸಿದಂತೆ ಇರುತ್ತವೆ. ಪ್ರತಿ ಪಟ್ಟಿಯನ್ನೂ ಕೆಳಗೆ ಒತ್ತಿ ಹಿಡಿಯಲು ಒಂದೊಂದು ಸ್ಪ್ರಿಂಗ್ ಇರುತ್ತದೆ. ಪಟ್ಟಿಗಳಲ್ಲಿ ಒಂದೊಂದು ಕಂಡಿ ಕೊರೆದಿರುತ್ತದೆ, ಅಗುಳಿಯ ಮೇಲೆ ಒಂದು ಗೂಟ ಇರುತ್ತದೆ. ಬೀಗದ ಕೈಯ ಹಲ್ಲುಗಳು ಪ್ರತಿ ಪಟ್ಟಿಯನ್ನೂ ಅದರದರ ಎತ್ತರಕ್ಕೆ ಎತ್ತಿ ಎಲ್ಲ ಕಂಡಿಗಳನ್ನೂ ಒಂದು ಸಾಲಿಗೆ ತಂದಾಗ ಮಾತ್ರ ಗೂಟ ಅವುಗಳೊಳಗೆ ತೂರಿ ಅಗುಳಿ ಸರಿಯುತ್ತದೆ. ಒಂದು ಪಟ್ಟಿ ಕಡಿಮೆ ಎದ್ದರೂ ಹೆಚ್ಚು ಎದ್ದರೂ ಕೆಲಸ ನಡೆಯುವುದಿಲ್ಲ. ಈ ಎರಡು ಕಡೆಯ ಕಟ್ಟುನಿಟ್ಟನ್ನು 1778ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬ್ಯಾರನ್ ತಂದ.

ಜೆರೆಮಯಾ ಚಬ್ 1818ರಲ್ಲಿ ಇದಕ್ಕೆ ಇನ್ನೊಂದು ಉಪಾಯವನ್ನು ಸೇರಿಸಿದ. ತಂತಿಯಿಂದಲೋ ಬೇರೆ ಬೀಗದ ಕೈಯಿಂದಲೋ ಪಟ್ಟಿಯನ್ನು ಅಳತೆ ಮೀರಿ ಎತ್ತಿದರೆ ಅದು ಒಂದು ಸ್ಪ್ರಿಂಗಿಗೆ ಸಿಕ್ಕಿ ಮೇಲೆಯೇ ನಿಂತುಬಿಡುತ್ತದೆ. ಆಮೇಲೆ ನಿಜವಾದ ಬೀಗದ ಕೈಯನ್ನು ಹಾಕಿದರೂ ಮೊದಲ ಸಲ ತೆರೆಯುವುದಿಲ್ಲ. ಯಜಮಾನನಿಗೆ ಯಾರೋ ಕೈಯಾಡಿಸಿದ್ದಾರೆಂದು ಗೊತ್ತಾಗುವುದು ಹೀಗೆ. ಇದಕ್ಕೇ ಡಿಟೆಕ್ಟರ್ ಬೀಗವೆಂದು ಹೆಸರು. ತಾವು ಕೇಳಿದ 'ಟಕ್' ಸದ್ದು ಅದರದೇ ಎಂದು ನನ್ನ ಅಂದಾಜು. ಪೋರ್ಟ್ಸ್‌ಮತ್ತಿನಲ್ಲಿ ಸೆರೆಮನೆಯಾಗಿ ಬಳಸುತ್ತಿದ್ದ ಹಡಗಿನಲ್ಲಿ, ಮೊದಲು ಬೀಗದ ಕಸುಬನ್ನೇ ಮಾಡಿದ್ದ ಕೈದಿಯೊಬ್ಬನಿಗೆ ಇದನ್ನು ತೆರೆದರೆ ಬಿಡುಗಡೆ ಮಾಡುವುದಾಗಿ ಹೇಳಿದರೂ ಅವನು ವಾರಗಟ್ಟಲೆ ಹೆಣಗಿ ಕೈಚೆಲ್ಲಿದನೆಂಬ ಪ್ರಸಂಗ ನಮ್ಮ ಕಸುಬಿನಲ್ಲಿ ಪ್ರಸಿದ್ಧ. ಮುಂದೆ 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನದ ಸಮಯದಲ್ಲಿ ಅಮೆರಿಕದ ಹಾಬ್ಸ್ ಎಂಬಾತ ಇದನ್ನು ಅರ್ಧ ಗಂಟೆಯೊಳಗೆ ತೆರೆದು ತೋರಿಸಿದ. ಆದ್ದರಿಂದ ತೆರೆಯಲಾಗದ ಬೀಗ ಇದಲ್ಲ, ಆತುರದವರಿಗೆ ಒಗ್ಗದ ಬೀಗ.

ಸಿಕ್ಕಿಕೊಂಡ ಪಟ್ಟಿಯನ್ನು ಬಿಡಿಸುವುದು ಕಷ್ಟವಲ್ಲ. 1824ರ ನಂತರದ ಮಾದರಿಯಲ್ಲಿ ಬೀಗದ ಕೈಯನ್ನು ತೆರೆಯುವ ದಿಕ್ಕಿಗೆ ಬದಲಾಗಿ ಮುಚ್ಚುವ ದಿಕ್ಕಿಗೆ ತಿರುಗಿಸಿದರೆ ಅಗುಳಿ ಇನ್ನೊಂದಿಷ್ಟು ಮುಂದಕ್ಕೆ ಸರಿದು ಆ ಸ್ಪ್ರಿಂಗನ್ನು ಒತ್ತುತ್ತದೆ, ಪಟ್ಟಿ ಕೆಳಗಿಳಿಯುತ್ತದೆ. ಬೀಗದ ಕೈ ಇಲ್ಲದಿದ್ದಾಗಲೂ ಅಗುಳಿಯನ್ನು ತಂತಿಯಿಂದ ಅದೇ ದಿಕ್ಕಿಗೆ ಹಗುರವಾಗಿ ಒತ್ತಿ ಇದನ್ನು ಸಾಧಿಸಬಹುದು. ತಾವು ಕರೆಸುವ ಕುಶಲಕರ್ಮಿಗೆ ಇದಿಷ್ಟನ್ನು ಮೊದಲೇ ಹೇಳಿರಿ. ಡಿಟೆಕ್ಟರ್ ಎಂಬ ಮಾತನ್ನೇ ಕೇಳಿಲ್ಲವೆಂದರೆ ಬೇರೆಯವರನ್ನು ಹುಡುಕಿರಿ.

ಬೀಗದ ಕೈ ಮಾಡಲು ಹಳೆಯ ವಿಧಾನವೇ ಒಳ್ಳೆಯದು. ಹಲ್ಲು ಕೊರೆಯದ ಮೊಂಡು ಬೀಗದ ಕೈಯೊಂದನ್ನು ಕಿಂಡಿಯ ಅಳತೆಗೆ ಸರಿಯಾಗಿ ಮಾಡಿಕೊಂಡು, ಅದರ ಅಲಗನ್ನು ಸೀಮೆಎಣ್ಣೆ ಬುಡ್ಡಿಯ ಹೊಗೆಗೆ ಹಿಡಿದು ಮಸಿ ಕೂರಿಸಬೇಕು. ಅದನ್ನು ಒಳಗೆ ತೂರಿಸಿ ತಡೆಯುವವರೆಗೆ ಮಾತ್ರ ತಿರುಗಿಸಿ ಹೊರತೆಗೆದರೆ, ಪಟ್ಟಿಗಳು ಉಜ್ಜಿದ ಕಡೆ ಮಸಿ ಅಳಿಸಿಹೋಗಿ ಲೋಹದ ಸಣ್ಣ ಗೆರೆಗಳು ಹೊಳೆಯುತ್ತವೆ. ಆ ಗೆರೆಗಳಲ್ಲಿ ಅರದಿಂದ ಎರಡೆರಡು ಎಳೆ ಉಜ್ಜಿ, ಮತ್ತೆ ಮಸಿ ಹಿಡಿದು, ಮತ್ತೆ ತೂರಿಸಬೇಕು. ಒಮ್ಮೆಗೇ ಹೆಚ್ಚು ಉಜ್ಜಿದರೆ ಆ ಮೊಂಡು ಹಾಳು. ಅರ್ಧ ದಿನವಾದರೂ ಬೇಕು, ಕೆಲವೊಮ್ಮೆ ಎರಡು ದಿನ.

ಬಾಗಿಲು ತೆರೆದ ಕೂಡಲೇ ಕೆಲಸ ಮುಗಿಯಿತೆಂದು ತಿಳಿಯಬೇಡಿ. ಮಸಿಯಿಂದ ಮಾಡಿದ್ದು ಬಾಗಿಲು ತೆರೆಯುವುದಕ್ಕಷ್ಟೇ. ಬಾಗಿಲಿನ ಒಳಮೈಯಲ್ಲಿರುವ ತಿರುಪುಗಳನ್ನು ಬಿಚ್ಚಿ ಬೀಗವನ್ನು ಹೊರತೆಗೆದು, ಮುಚ್ಚಳ ತೆಗೆದ ತಕ್ಷಣ ಪಟ್ಟಿಗಳ ಸಾಲನ್ನು ಫೋಟೋ ತೆಗೆದುಕೊಂಡು, ಪ್ರತಿ ಪಟ್ಟಿಯನ್ನೂ ಅದರ ಕಂಡಿ ಗೂಟಕ್ಕೆ ನೇರವಾಗುವಷ್ಟು ಎತ್ತಿ ಅಳೆದು, ಆ ಅಳತೆಗೆ ನಿಜವಾದ ಬೀಗದ ಕೈಯನ್ನು ಉಕ್ಕಿನಲ್ಲಿ ಕೊರೆಯಬೇಕು. ಎರಡು ಮಾಡಿಸಿರಿ. ಬೀಗದ ಮೇಲೆ ಸಂಖ್ಯೆಯನ್ನು ಅಚ್ಚು ಹಾಕಿದ್ದರೆ ಬರೆದಿಟ್ಟುಕೊಳ್ಳಿರಿ.

ಉತ್ತರ (ಬೆಂಗಳೂರು)

ಇಷ್ಟೆಲ್ಲ ಏಕೆ? ಪಕ್ಕದ ಡ್ರಾಯರನ್ನು ತೆಗೆದರೆ ನಡುವಿನ ತಗಡು ಕಾಣುತ್ತದೆ. ಗ್ರೈಂಡರಿನಿಂದ ಅದನ್ನು ಕತ್ತರಿಸಿದರೆ ಹತ್ತು ನಿಮಿಷದಲ್ಲಿ ವಸ್ತುಗಳು ಕೈಗೆ ಬರುತ್ತವೆ, ಹೊರಗಿನಿಂದ ಗಾಯವೂ ಕಾಣುವುದಿಲ್ಲ.

ಉತ್ತರ (ಹುಬ್ಬಳ್ಳಿ)

ದಯವಿಟ್ಟು ಹಾಗೆ ಮಾಡಬೇಡಿ. ಕಿಡಿ ಒಳಗಿನ ಹಳೆಯ ಕಾಗದಕ್ಕೆ ಬಿದ್ದರೆ, ಬೆಂಕಿಯಿಂದ ಕಾಪಾಡಲು ಮಾಡಿದ ಪೆಟ್ಟಿಗೆಯೊಳಗೇ ಬೆಂಕಿ ಇಟ್ಟಂತಾಗುತ್ತದೆ. ಇನ್ನು ತಿಜೋರಿಯ ಹೊರಗೋಡೆಯನ್ನಂತೂ ಮುಟ್ಟಲೇಬಾರದು. ಆ ಕಾಲದ ತಿಜೋರಿಗಳ ಎರಡು ತಗಡುಗಳ ನಡುವೆ ಮರದ ಹೊಟ್ಟು ಮತ್ತು ಪಟಿಕದಂಥ ವಸ್ತುಗಳನ್ನು ತುಂಬುತ್ತಿದ್ದರು. ಕಾವೇರಿದಾಗ ಪಟಿಕದಲ್ಲಿರುವ ನೀರು ಆವಿಯಾಗಿ ಒಳಭಾಗವನ್ನು ತಂಪಾಗಿ ಇಡುತ್ತದೆ. ನಂತರದ ತಿಜೋರಿಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಕೂಡ ಇರುತ್ತದೆ, ಅದರ ಧೂಳು ಶ್ವಾಸಕೋಶಕ್ಕೆ ಅಪಾಯ. ಒಳಗೆ ಏನಿದೆಯೆಂದು ನೋಡುವ ಕುತೂಹಲವಷ್ಟೇ ಇದ್ದರೆ ಮೊಬೈಲಿಗೆ ಜೋಡಿಸುವ ತಂತಿ ಕ್ಯಾಮೆರಾ ಸಿಗುತ್ತದೆ, ತಗಡಿನ ಸಂದಿಯಲ್ಲಿ ತೂರಿಸಿ ನೋಡಬಹುದು.

ಉತ್ತರ (ಮೈಸೂರು)

ನಾನು ನಿವೃತ್ತ ಬ್ಯಾಂಕ್ ಉದ್ಯೋಗಿ. ಲಾಕರ್ ವಿಭಾಗದಲ್ಲಿ ಕೆಲವು ವರ್ಷ ಇದ್ದೆ. ತಾಂತ್ರಿಕ ವಿಚಾರವನ್ನು ಹುಬ್ಬಳ್ಳಿಯವರು ಹೇಳಿದ್ದಾರೆ, ನನ್ನದು ಬೇರೆ ಮಾತು. ಖಾನೆ ಅಜ್ಜಿಯದಾಗಿತ್ತು ಎಂದರೆ ಅದರೊಳಗಿನ ವಸ್ತುಗಳಿಗೆ ತಾವೊಬ್ಬರೇ ಹಕ್ಕುದಾರರಾಗಿರಲಾರಿರಿ. ಬ್ಯಾಂಕಿನ ಲಾಕರನ್ನು ಒಡೆದು ತೆಗೆಯಬೇಕಾದಾಗ ಅಧಿಕಾರಿಯೊಬ್ಬರೂ ಇಬ್ಬರು ಸ್ವತಂತ್ರ ಸಾಕ್ಷಿಗಳೂ ಇರಬೇಕು, ಸಿಕ್ಕ ವಸ್ತುಗಳ ಪಟ್ಟಿ ಮಾಡಬೇಕು, ಎಲ್ಲವನ್ನೂ ವಿಡಿಯೊ ಚಿತ್ರೀಕರಿಸಬೇಕು ಎಂದು ರಿಸರ್ವ್ ಬ್ಯಾಂಕಿನ 2021ರ ಲಾಕರ್ ನಿರ್ದೇಶನಗಳಲ್ಲಿ ಹೇಳಿತ್ತು. ಮನೆಯ ತಿಜೋರಿಗೆ ಆ ನಿಯಮ ಅನ್ವಯಿಸುವುದಿಲ್ಲವಾದರೂ ಕ್ರಮ ಒಳ್ಳೆಯದು. ತಮ್ಮ ಚಿಕ್ಕಪ್ಪಂದಿರಿಗೂ ಅತ್ತೆಯಂದಿರಿಗೂ ಮೊದಲೇ ದಿನ ತಿಳಿಸಿ, ಬಾಗಿಲು ತೆರೆಯುವಾಗ ಬರಲಾಗದವರನ್ನು ಮೊಬೈಲಿನ ವಿಡಿಯೊ ಕರೆಯಲ್ಲಾದರೂ ಸೇರಿಸಿಕೊಳ್ಳಿ. ಏನೂ ಸಿಗದಿದ್ದಾಗಲೇ ಅನುಮಾನಗಳು ಹೆಚ್ಚು ಹುಟ್ಟುತ್ತವೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಪ್ರಶ್ನೆ ಕೇಳಿದವರಿಂದ (ಕುಮಟಾ, ಮೂರು ವಾರಗಳ ನಂತರ)

ಎಲ್ಲರಿಗೂ ನಮಸ್ಕಾರ. ನಡೆದುದನ್ನು ತಿಳಿಸುವುದು ನನ್ನ ಕರ್ತವ್ಯ.

ಉಡುಪಿಯವರು ಹೇಳಿದಂತೆ ಮೊದಲು ಹುಡುಕಿದೆವು. ಕಿಂಡಿಯಲ್ಲಿ ಗೂಟವಿರಲಿಲ್ಲ, ಅಂದರೆ ಗಟ್ಟಿ ದಂಡದ ಬೀಗದ ಕೈ. ಮನೆಯಲ್ಲಿ ಹನ್ನೊಂದು ಅನಾಥ ಬೀಗದ ಕೈಗಳು ಸಿಕ್ಕವು. ಒಂದೂ ಹೊಂದಲಿಲ್ಲ, ಹಾಗೆಂದು ಯಾವುದನ್ನೂ ಬಲವಂತವಾಗಿ ತಿರುಗಿಸಲಿಲ್ಲ. ಅತ್ತೆ ಹೊನ್ನಾವರದಿಂದ ಬಂದರು, ಚಿಕ್ಕಪ್ಪ ವಿಡಿಯೊ ಕರೆಯಲ್ಲಿ ಇದ್ದರು.

ಪರಿಚಯದವರ ಮೂಲಕ ಬಂದ ಹಿರಿಯ ಕುಶಲಕರ್ಮಿಯೊಬ್ಬರಿಗೆ ಡಿಟೆಕ್ಟರಿನ ವಿಷಯ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರೇ ಫಲಕವನ್ನು ನೋಡಿ ತಲೆಯಾಡಿಸಿದರು. ತಂತಿಯಿಂದ ಅಗುಳಿಯನ್ನು ಮುಚ್ಚುವ ದಿಕ್ಕಿಗೆ ಒತ್ತಿದಾಗ ಪಟ್ಟಿ ಇಳಿದ ಸದ್ದು ನಮಗೂ ಕೇಳಿಸಿತು. ಮಸಿಯ ಕೆಲಸ ಬೆಳಿಗ್ಗೆ ಹತ್ತಕ್ಕೆ ಆರಂಭವಾಗಿ, ನಡುವೆ ಊಟಕ್ಕೆ ಎದ್ದದ್ದನ್ನು ಬಿಟ್ಟರೆ, ಸಂಜೆ ಐದೂವರೆಯವರೆಗೆ ನಡೆಯಿತು. ಮೊದಲನೆಯ ಮೊಂಡು ಹಾಳಾಯಿತು, ಎರಡನೆಯದರಲ್ಲಿ ಬಾಗಿಲು ತೆರೆಯಿತು. ಪ್ರತಿ ಸಲ ಹೊರತೆಗೆದಾಗಲೂ ಅವರು ಅದನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಕನ್ನಡಕವನ್ನು ಹಣೆಗೇರಿಸಿ, ಬರಿಗಣ್ಣಿನಲ್ಲಿ ಗೆರೆ ನೋಡುತ್ತಿದ್ದರು.

ಬೀಗವನ್ನು ಬಿಚ್ಚಿದಾಗ ಆರು ಪಟ್ಟಿಗಳಿದ್ದವು. ಎರಡು ಸ್ಪ್ರಿಂಗುಗಳು ಕಡಲ ಗಾಳಿಗೆ ತುಕ್ಕು ಹಿಡಿದಿದ್ದವು. ಯಾರೋ ಎಂದೋ ಹಾಕಿದ್ದ ಕೊಬ್ಬರಿ ಎಣ್ಣೆ ಅಂಟಾಗಿ ಪಟ್ಟಿಗಳು ಒಂದಕ್ಕೊಂದು ಕಚ್ಚಿಕೊಂಡಿದ್ದವು. ಸೀಮೆಎಣ್ಣೆಯಲ್ಲಿ ತೊಳೆದು, ಆ ಎರಡು ಸ್ಪ್ರಿಂಗುಗಳನ್ನು ಬದಲಾಯಿಸಿ, ಒಣಗಿದ ಮೇಲೆ ಗ್ರಾಫೈಟ್ ಪುಡಿಯನ್ನಷ್ಟೇ ಹಾಕಿದರು. ಕೊಬ್ಬರಿ ಎಣ್ಣೆಯನ್ನು ತಲೆಗೆ ಹಚ್ಚಿಕೊಳ್ಳಿ, ಬೀಗಕ್ಕಲ್ಲ ಎಂದು ಅತ್ತೆಯ ಕಡೆ ನೋಡಿ ಹೇಳಿದಾಗ, ಎಣ್ಣೆ ಹಾಕಿದ್ದು ಯಾರೆಂಬುದು ಮನೆಯವರಿಗೆಲ್ಲ ಗೊತ್ತಾಯಿತು. ಉಕ್ಕಿನ ಹೊಸ ಬೀಗದ ಕೈಗಳೆರಡು ಮರುದಿನ ಸಿದ್ಧವಾದವು. ಬಾಗಿಲನ್ನು ತೆರೆದಿಟ್ಟುಕೊಂಡೇ ಅಗುಳಿಯನ್ನು ಹತ್ತು ಹತ್ತು ಸಲ ಹೊರಡಿಸಿ ಒಳಸೇರಿಸಿ ನೋಡಿದ ಮೇಲೆಯೇ ಅವರು ಬಾಗಿಲು ಮುಚ್ಚಲು ಬಿಟ್ಟರು.

ಒಳಗೆ ಚಿನ್ನವಿರಲಿಲ್ಲ. ಕೆಂಪು ಬಟ್ಟೆಯಲ್ಲಿ ಕಟ್ಟಿದ ಕೆಲವು ಕರಾರುಪತ್ರಗಳು, ಅಜ್ಜಿಯ ಒಂದು ಬೆಳ್ಳಿಯ ಕುಂಕುಮದ ಭರಣಿ, ಮತ್ತು ನಾವು ಇಲ್ಲವೆಂದೇ ತಿಳಿದಿದ್ದ ಹೊರಬಾಗಿಲಿನ ಎರಡನೆಯ ಬೀಗದ ಕೈ ಇದ್ದವು. ಪಟ್ಟಿ ಮಾಡಿ ಅತ್ತೆಯಿಂದಲೂ ಸಹಿ ಹಾಕಿಸಿಕೊಂಡೆವು. ಈಗ ಒಳಖಾನೆಯ ಒಂದು ಬೀಗದ ಕೈ ನನ್ನ ಬಳಿ ಇದೆ. ಇನ್ನೊಂದನ್ನು, ಹೊರಬಾಗಿಲಿನ ಎರಡನೆಯದರ ಜೊತೆಗೆ, ಅತ್ತೆ ಹೊನ್ನಾವರಕ್ಕೆ ತೆಗೆದುಕೊಂಡು ಹೋಗಿದ್ದಾರೆ.