ಶಾಲೆಯ ಲಸಿಕೆ ಬೇಡವೆಂದು ಧರ್ಮದ ಕಾರಣ ಕೊಡಬಹುದಾ? ನ್ಯೂಜೆರ್ಸಿ ಸ್ಕೂಲ್ ನರ್ಸ್ ಜೊತೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಮೈಸೂರಿನಿಂದ ಎಡಿಸನ್‌ಗೆ ಬಂದು ಮೂರು ವಾರ ಆಯಿತು. ಮಗ ಹುಟ್ಟಿದ್ದು 2019ರ ಮೇ 2. ತಾಯಿ ಕಾರ್ಡ್ ಫೋಟೋ ಕೆಳಗೆ ಹಾಕಿದ್ದೇನೆ. ದಡಾರ, ರುಬೆಲ್ಲಾ ಎರಡಕ್ಕೂ ಹಾಕುವ ಎಂಆರ್ ಲಸಿಕೆ ಎರಡು ಡೋಸ್ ಆಗಿದೆ, 17/02/2020 ಮತ್ತು 04/09/2020. ಎರಡೂ ಲೆಕ್ಕಕ್ಕಿಲ್ಲ ಎಂದು ಶಾಲೆಯವರು ಹೇಳುತ್ತಾರೆ. ಪೋಲಿಯೋ ಹನಿಯೂ ಲೆಕ್ಕಕ್ಕಿಲ್ಲವಂತೆ. ಚಿಕನ್ ಪಾಕ್ಸ್ ಲಸಿಕೆ ಹಾಕಿಸಿಲ್ಲ, ಮೂರು ವರ್ಷದವನಿದ್ದಾಗ ಅಮ್ಮ ಬಂದು ಹೋಗಿತ್ತು.

ಇಲ್ಲಿನ ಲಸಿಕೆಯಲ್ಲಿ ಹಂದಿಯ ಜೆಲಟಿನ್ ಇರುತ್ತದೆ ಎಂದು ಮಾವನವರಿಗೆ ಯಾರೋ ಹೇಳಿದ್ದಾರೆ. ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ. ಯಜಮಾನರ ಆಫೀಸಿನವರೊಬ್ಬರು "ಧರ್ಮಕ್ಕೆ ವಿರೋಧ ಅಂತ ಒಂದು ಪತ್ರ ಬರೆದುಕೊಡಿ, ಮುಗೀತು" ಎಂದರಂತೆ. ಕೊಡಬಹುದಾ? ಕೊಟ್ಟರೆ ಯಾರಿಗೆಲ್ಲ ಗೊತ್ತಾಗುತ್ತದೆ? ಮೊನ್ನೆ ಶಾಲೆಯ ಕೌಂಟರ್‌ನಲ್ಲಿದ್ದ ಹೆಂಗಸು ಫೈಲ್ ನೋಡಿ, ಮಗನ ಹೆಸರು ಹೇಳಿ, "ಇವನಿಗೆ ಇಂಜೆಕ್ಷನ್ನೇ ಆಗಿಲ್ಲ" ಎಂದು ಗಟ್ಟಿಯಾಗಿ ಹೇಳಿದರು. ಹಿಂದೆ ನಿಂತಿದ್ದವರು ನಮ್ಮ ಅಪಾರ್ಟ್‌ಮೆಂಟಿನವರೇ. ಸಂಜೆಯೊಳಗೆ ಎಲ್ಲರ ಬಾಯಲ್ಲೂ ಅದೇ.

ಉತ್ತರ: ಪತ್ರದ ಮಾತು ಆಮೇಲೆ. ಮೊದಲು ಕಾರ್ಡ್ ನೋಡೋಣ.

04/09/2020 ಅಂದರೆ ನಮಗೆ ಸೆಪ್ಟೆಂಬರ್ 4. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ, ಹಾಗಾಗಿ ಅವರ ಕಣ್ಣಿಗೆ ಅದು ಏಪ್ರಿಲ್ 9. ಇಲ್ಲಿ ದಡಾರದ ಮೊದಲ ಡೋಸ್ ಒಂದು ವರ್ಷ ತುಂಬಿದ ಮೇಲೆ ಆಗಿರಬೇಕು. ಏಪ್ರಿಲ್‌ನಲ್ಲಿ ಮಗುವಿಗೆ ವರ್ಷ ತುಂಬಿರಲಿಲ್ಲ ಎಂದು ತೆಗೆದು ಹಾಕಿದ್ದಾರೆ. ಹೀಗೆ ಆಗುವುದನ್ನು ನಾನು ಪ್ರತಿ ಸೆಪ್ಟೆಂಬರ್‌ನಲ್ಲೂ ನೋಡುತ್ತೇನೆ. ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದು ಡಾಕ್ಟರ್ ಸಹಿ ಹಾಕಿಸಿ ಕೊಡಿ. ಒಂಬತ್ತು ತಿಂಗಳ ಡೋಸ್ ಮಾತ್ರ ನಿಜಕ್ಕೂ ಲೆಕ್ಕಕ್ಕೆ ಬರುವುದಿಲ್ಲ, ಹದಿನಾರು ತಿಂಗಳಿಗೆ ಹಾಕಿಸಿದ್ದು ಬರುತ್ತದೆ. ನ್ಯೂಜೆರ್ಸಿ ಕೇಳುವುದು ದಡಾರಕ್ಕೆ ಎರಡು, ಮಂಗನಬಾವಿಗೆ ಒಂದು, ರುಬೆಲ್ಲಾಗೆ ಒಂದು. ಎಂಆರ್‌ನಲ್ಲಿ ಮಂಗನಬಾವು ಇರುವುದಿಲ್ಲ. ಹಾಗಾಗಿ ಮೂರೂ ಸೇರಿರುವ ಎಂಎಂಆರ್ ಲಸಿಕೆ ಇನ್ನು ಒಂದೇ ಒಂದು ಸಾಕು.

ಪೋಲಿಯೋ ವಿಷಯದಲ್ಲಿ ಶಾಲೆ ಹೇಳಿದ್ದು ಸರಿ. 2016ರ ಏಪ್ರಿಲ್‌ನಲ್ಲಿ ಜಗತ್ತಿನಾದ್ಯಂತ ಹನಿಯಿಂದ ಎರಡನೇ ಬಗೆಯ ವೈರಸ್ ತೆಗೆದರು. ಆಮೇಲಿನ ಹನಿಯನ್ನು ಅಮೆರಿಕ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಾರ್ಡ್‌ನಲ್ಲಿ ಪೋಲಿಯೋ ಇಂಜೆಕ್ಷನ್ ಸಾಲು ಇದ್ದರೆ ಡಾಕ್ಟರಿಗೆ ತೋರಿಸಿ, ಇನ್ನೆಷ್ಟು ಬೇಕು ಎಂದು ಅವರು ಹೇಳುತ್ತಾರೆ. ಅಮ್ಮ ಬಂದಿತ್ತು ಅಂದಿರಲ್ಲ, ರಕ್ತ ಪರೀಕ್ಷೆಯಲ್ಲಿ ಅದು ಕಂಡರೆ ಚಿಕನ್ ಪಾಕ್ಸ್ ಲಸಿಕೆ ಬೇಕಿಲ್ಲ. ಬೇರೆ ದೇಶದಿಂದ ಬಂದ ಮಕ್ಕಳಿಗೆ ದಾಖಲೆ ಒದಗಿಸಲು 30 ದಿನ ಸಮಯ ಇದೆ, ಗಾಬರಿ ಬೇಡ.

ಇನ್ನು ಜೆಲಟಿನ್. ಮಾವನವರ ಮಾತು ಸುಳ್ಳಲ್ಲ, ಸುಮ್ನೆ ತಳ್ಳಿಹಾಕಬೇಡಿ. ಮರ್ಕ್ ಕಂಪನಿಯ ಎಂಎಂಆರ್‌ನಲ್ಲಿ ಹಂದಿಯ ಜೆಲಟಿನ್ ಇದೆ, ಅವರ ಚಿಕನ್ ಪಾಕ್ಸ್ ಲಸಿಕೆಯಲ್ಲೂ ಇದೆ. 2022ರಲ್ಲಿ ಇಲ್ಲಿ ಒಪ್ಪಿಗೆ ಸಿಕ್ಕ ಪ್ರಯೋರಿಕ್ಸ್ ಎಂಬ ಎಂಎಂಆರ್‌ನಲ್ಲಿ ಜೆಲಟಿನ್ ಇಲ್ಲ. ಡಾಕ್ಟರ ಬಳಿ ಹೆಸರು ಹೇಳಿ ಕೇಳಿ. ಆದರೆ ಎರಡರಲ್ಲೂ ದಡಾರ, ಮಂಗನಬಾವಿನ ವೈರಸ್ ಬೆಳೆಸುವುದು ಕೋಳಿ ಭ್ರೂಣದ ಕೋಶಗಳಲ್ಲಿ. ಇದನ್ನು ಮುಚ್ಚಿಟ್ಟು ಹೇಳಿದರೆ ನಾಳೆ ಮಾವನವರು ನನ್ನನ್ನೇ ಬೈಯುತ್ತಾರೆ. ಇನ್ನೊಂದು, ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ನ ಎಂಆರ್‌ನಲ್ಲೂ ಜೆಲಟಿನ್ ಇದೆ. 2018ರಲ್ಲಿ ಇಂಡೋನೇಷ್ಯಾದಲ್ಲಿ ಅದೇ ಲಸಿಕೆಗೆ ದೊಡ್ಡ ಗಲಾಟೆ ಆಯಿತು. ಕೊನೆಗೆ ಅಲ್ಲಿನ ಮುಸ್ಲಿಂ ಧರ್ಮಗುರುಗಳ ಉಲೇಮಾ ಮಂಡಳಿ, ಹಂದಿಯ ಅಂಶ ಇರುವುದು ನಿಜ, ಆದರೂ ಬೇರೆ ದಾರಿ ಇಲ್ಲದ ಕಾರಣ ಹಾಕಿಸಬಹುದು ಎಂದಿತು. ಮೈಸೂರಲ್ಲಿ ನಿಮ್ಮ ಮಗನಿಗೆ ಹಾಕಿದ್ದು ಅದೇ ಇದ್ದರೂ ಇರಬಹುದು. ನಾನೂ ಸಸ್ಯಾಹಾರಿ ಮನೆಯವಳೇ. ನಮ್ಮಜ್ಜಿ ಇಂಜೆಕ್ಷನ್ನನ್ನು ಊಟ ಅಂತ ಯಾವತ್ತೂ ಎಣಿಸಲಿಲ್ಲ. ನಿಮ್ಮ ಮನೆಯಲ್ಲಿ ಹೇಗೋ, ತೀರ್ಮಾನ ನಿಮ್ಮದು.

ಪತ್ರ ಕೊಡಬಹುದು, ನ್ಯೂಜೆರ್ಸಿ ಕಾನೂನು ಬಿಡುತ್ತದೆ. ತಂದೆ ಅಥವಾ ತಾಯಿ ಸಹಿ ಹಾಕಿ, ಲಸಿಕೆ ನಿಮ್ಮ ಧರ್ಮದ ಆಚರಣೆಗೆ ಹೇಗೆ ಅಡ್ಡ ಬರುತ್ತದೆ ಎಂದು ಬರೆಯಬೇಕು. ಸ್ವಾಮೀಜಿ, ಪುರೋಹಿತರ ಸಹಿ ಬೇಕಿಲ್ಲ. "ನಮಗೆ ಇಷ್ಟ ಇಲ್ಲ" ಎಂದರೆ ನಡೆಯುವುದಿಲ್ಲ. ಆದರೆ "ಮುಗೀತು" ಎಂದರಲ್ಲ, ಮುಗಿಯುವುದಿಲ್ಲ. ಶಾಲೆಯಲ್ಲಿ ಒಂದು ಮಗುವಿಗೆ ದಡಾರ ಬಂದರೆ ಪತ್ರ ಕೊಟ್ಟ ಮಕ್ಕಳು ಮನೆಯಲ್ಲೇ ಇರಬೇಕು, ಕೊನೆಯ ಸಂಪರ್ಕದಿಂದ 21 ದಿನ. 2025ರಲ್ಲಿ ಟೆಕ್ಸಾಸ್‌ನಲ್ಲಿ ದಡಾರ ಹಬ್ಬಿ ಇಬ್ಬರು ಮಕ್ಕಳು ತೀರಿಕೊಂಡರು, ಇಬ್ಬರಿಗೂ ಲಸಿಕೆ ಆಗಿರಲಿಲ್ಲ. ದಿನಾಂಕ ತಪ್ಪಾಗಿ ಓದಿದ್ದಕ್ಕೆ, ನಂಬಿಕೆಯೂ ಇಲ್ಲದೆ ಆ ಪತ್ರ ಬರೆಯುವುದು ನನಗೆ ಸರಿ ಕಾಣುವುದಿಲ್ಲ.

ಗುಟ್ಟಿನ ವಿಷಯ. ಎಲ್ಲರೂ ಹಿಪಾ ಹಿಪಾ ಎನ್ನುತ್ತಾರೆ. ಆರೋಗ್ಯದ ಮಾಹಿತಿಯನ್ನು ಗುಟ್ಟಾಗಿಡುವ ಆ ಕಾನೂನು ಡಾಕ್ಟರು, ಆಸ್ಪತ್ರೆಗೆ. ಸರ್ಕಾರಿ ಶಾಲೆಯ ಕಡತ, ನರ್ಸ್ ಕೋಣೆಯದೂ ಸೇರಿ, ವಿದ್ಯಾರ್ಥಿಗಳ ಕಡತದ ಗುಟ್ಟು ಕಾಯುವ 1974ರ ಫೆರ್ಪಾ ಕಾನೂನಿನ ಕೆಳಗೆ ಬರುತ್ತದೆ. ನಿಮ್ಮ ಒಪ್ಪಿಗೆ ಇಲ್ಲದೆ ಅದರಲ್ಲಿರುವುದನ್ನು ಹೊರಗಿನವರಿಗೆ ಹೇಳುವಂತಿಲ್ಲ, ಬಾಯಿಮಾತಲ್ಲೂ. ಕೆಲಸಕ್ಕೆ ಬೇಕಾದ ಸಿಬ್ಬಂದಿ ನೋಡಬಹುದು, ಸೋಂಕು ಹಬ್ಬಿದಾಗ ಆರೋಗ್ಯ ಇಲಾಖೆಗೆ ಕೊಡಬಹುದು. ಕೌಂಟರ್‌ನಲ್ಲಿ ಆದದ್ದು ತಪ್ಪೇ. ಪ್ರಿನ್ಸಿಪಾಲರಿಗೆ ಇಮೇಲ್ ಮಾಡಿ, ದಿನ, ಹೊತ್ತು, ಆಡಿದ ಮಾತು ಬರೆಯಿರಿ. ಸರಿಹೋಗದಿದ್ದರೆ 180 ದಿನದೊಳಗೆ ಕೇಂದ್ರ ಶಿಕ್ಷಣ ಇಲಾಖೆಗೆ ದೂರು ಕೊಡಬಹುದು. ಫೆರ್ಪಾ ಹಿಡಿದು ಶಾಲೆಯಿಂದ ಪರಿಹಾರ ಕೇಳಿ ಕೋರ್ಟಿಗೆ ಹೋಗಲು ಆಗುವುದಿಲ್ಲ, 2002ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಇನ್ನೊಬ್ಬರು: ನಾವು ಹೋದ ವರ್ಷ ಪತ್ರ ಕೊಟ್ಟಿದ್ದೇವೆ. ಮುಂದಿನ ವರ್ಷ ಕ್ಯಾಲಿಫೋರ್ನಿಯಾಗೆ ಹೋಗುತ್ತೇವೆ. ಅಲ್ಲೂ ನಡೆಯುತ್ತಲ್ವಾ?

ಉತ್ತರ: ಇಲ್ಲ. ಡಿಸ್ನಿಲ್ಯಾಂಡ್‌ನಲ್ಲಿ ದಡಾರ ಹಬ್ಬಿದ ಮೇಲೆ 2015ರಲ್ಲಿ ಕಾನೂನು ಮಾಡಿ ಅಲ್ಲಿ ಧರ್ಮದ ಕಾರಣ ತೆಗೆದರು. ನ್ಯೂಯಾರ್ಕ್ 2019ರಲ್ಲಿ, ಕನೆಕ್ಟಿಕಟ್ 2021ರಲ್ಲಿ ತೆಗೆದವು. ನ್ಯೂಜೆರ್ಸಿಯಲ್ಲೂ ತೆಗೆಯಲು ಹೊರಟಿದ್ದರು, 2020ರ ಜನವರಿಯಲ್ಲಿ ಸೆನೆಟ್‌ನಲ್ಲಿ ಮತ ಸಾಲದೆ ನಿಂತಿತು.

ಮತ್ತೊಬ್ಬರು: ಗ್ರೀನ್ ಕಾರ್ಡ್‌ಗೂ ಇದೇ ಪತ್ರ ಸಾಕಾ?

ಉತ್ತರ: ಅದು ಬೇರೆಯೇ ಲೆಕ್ಕ. ಅಲ್ಲಿ ವಿನಾಯಿತಿ ಬೇಕೆಂದರೆ ಎಲ್ಲಾ ಲಸಿಕೆಗಳನ್ನೂ ವಿರೋಧಿಸುತ್ತೀರಿ, ಅದು ನಿಜವಾದ ನಂಬಿಕೆ ಎಂದು ತೋರಿಸಬೇಕು. ಒಂದು ಲಸಿಕೆಗೆ ಮಾತ್ರ ಬೇಡ ಎಂದರೆ ಕೇಳುವುದಿಲ್ಲ. ವಲಸೆ ವಕೀಲರನ್ನು ಕೇಳಿ, ನಾನು ನರ್ಸ್ ಅಷ್ಟೇ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್ ಮೇಡಂ. ಒಂದೇ ಎಂಎಂಆರ್ ಅಂದ ಮೇಲೆ ಮಾವನವರೂ ಪ್ರಯೋರಿಕ್ಸ್ ಸಿಗುತ್ತಾ ನೋಡು ಎಂದರು. ಕೌಂಟರ್ ವಿಷಯ ಇವತ್ತೇ ಬರೆಯುತ್ತೇನೆ.

ಉತ್ತರ: ಬರೆಯಿರಿ. ಅದಕ್ಕೂ ಮುಂಚೆ ಇಲ್ಲಿ ಹಾಕಿರುವ ತಾಯಿ ಕಾರ್ಡ್ ಫೋಟೋ ತೆಗೆದುಬಿಡಿ. ಮಗುವಿನ ಹೆಸರು, ನಿಮ್ಮ ಫೋನ್ ನಂಬರ್, ಮನೆ ವಿಳಾಸ ಎಲ್ಲಾ ಕಾಣುತ್ತಿದೆ.

ಪ್ರಶ್ನೆ ಕೇಳಿದವರು: ಅಯ್ಯೋ. ತೆಗೆದೆ ಮೇಡಂ.