‘ಜಿಯಾಗ್ನಾಸ್ಟ್’ ಎಂಬುದಕ್ಕೆ ‘ಭೂಜ್ಞ’ ಸಲ್ಲುವುದೇ?

ಮಾನ್ಯರೇ,

ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಪ್ರವಾಸಕಥನವೊಂದರ ಕೆಲವು ಪುಟಗಳನ್ನು ಮಡಿಕೇರಿಯಲ್ಲಿ ಕುಳಿತು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಬರುವ, ಈಗ ಬಳಕೆ ತಪ್ಪಿರುವ ‘ಜಿಯಾಗ್ನಾಸ್ಟ್’ ಎಂಬ ಪದಕ್ಕೆ ‘ಭೂವಿಜ್ಞಾನಿ’ ಎಂದು ಬರೆದು ಮುಂದುವರಿಯಲು ಮನಸ್ಸು ಒಪ್ಪುತ್ತಿಲ್ಲ.

ಗ್ರೀಕಿನಲ್ಲಿ ‘ಗೇ’ ಎಂದರೆ ಭೂಮಿ, ‘ಗ್ನೋಸಿಸ್’ ಎಂದರೆ ಅರಿವು. 1775ರಿಂದ ಜರ್ಮನಿಯ ಫ್ರೈಬರ್ಗ್ ಗಣಿಶಾಲೆಯಲ್ಲಿ ಪಾಠ ಹೇಳಿದ ಅಬ್ರಹಾಂ ವರ್ನರ್, ಭೂಮಿ ಹೇಗೆ ಹುಟ್ಟಿತೆಂಬ ಊಹೆಯನ್ನು ಬದಿಗಿಟ್ಟು, ಕಣ್ಣೆದುರಿನ ಶಿಲೆಗಳನ್ನೂ ಅವು ಒಂದರ ಮೇಲೊಂದು ಕುಳಿತ ಕ್ರಮವನ್ನೂ ಅರಿಯುವ ವಿದ್ಯೆಗೆ ‘ಜಿಯಾಗ್ನಸಿ’ ಎಂಬ ಹೆಸರನ್ನು ರೂಢಿಗೆ ತಂದರು. ಹೆಸರಾಂತ ಪ್ರಕೃತಿ ವಿಜ್ಞಾನಿ ಹಂಬೋಲ್ಟ್ ಈ ವರ್ನರ್ ಅವರಲ್ಲಿ ಕಲಿತ ಶಿಷ್ಯರು. ಮುಂದೆ ‘ಜಿಯಾಲಜಿ’ಯೇ ನಿಂತಿತು.

ನಮ್ಮ ಹಳೆಯ ಪದ ‘ಭೂಗರ್ಭಶಾಸ್ತ್ರಜ್ಞ’ ಇಲ್ಲಿ ಹೊಂದುವುದಿಲ್ಲವೆಂದು ನನ್ನ ಅಭಿಪ್ರಾಯ. ‘ಗರ್ಭ’ ಎಂದೊಡನೆ ಹುಟ್ಟಿನ ಮಾತು ಬರುತ್ತದೆ. ಆ ವಿದ್ವಾಂಸರು ದೂರವಿಡಲು ಬಯಸಿದ್ದೂ ಅದನ್ನೇ. ‘ಭೂಜ್ಞ’ ಎಂದರೆ ಹೇಗೆ? ಗ್ರೀಕಿನ ‘ಗ್ನೋ’, ಸಂಸ್ಕೃತದ ‘ಜ್ಞಾ’ ಎರಡೂ ಒಂದೇ ಮೂಲದ ಧಾತುಗಳು. ನಾವು ‘ಜ್ಞಾನ’ವನ್ನು ‘ಗ್ನಾನ’ ಎಂದೇ ಉಚ್ಚರಿಸುವುದರಿಂದ ಆ ನಂಟು ಕನ್ನಡದ ಕಿವಿಗೂ ಕೇಳಿಸುತ್ತದೆ. ತೊಡಕೆಂದರೆ, ಮರವೆಂಬ ಅರ್ಥದ ‘ಭೂಜ’ ಪಕ್ಕದಲ್ಲೇ ಇದೆ. ಅವಸರದಲ್ಲಿ ಓದುವವರು ಅಚ್ಚಿನ ತಪ್ಪೆಂದು ಭಾವಿಸಬಹುದು.

2018ರ ಆಗಸ್ಟ್‌ನಲ್ಲಿ ಇಲ್ಲಿನ ಗುಡ್ಡಗಳು ಜರಿದ ಮೇಲೆ, ನಮ್ಮ ತೋಟದ ಅಂಚಿನ ಕುಸಿದ ಬರೆಯ ಮುಂದೆ ಅಧಿಕಾರಿಯೊಬ್ಬರು ಬಹಳ ಹೊತ್ತು ನಿಂತಿದ್ದರು. ಕೆಂಪು ಮಣ್ಣಿನ ಕೆಳಗೆ ಬಿಳಿಚಿಕೊಂಡಿದ್ದ, ಮುಟ್ಟಿದರೆ ಹಿಟ್ಟಿನಂತೆ ಉದುರುವ ಪದರವನ್ನು ಹೆಬ್ಬೆರಳಿನಿಂದ ಉಜ್ಜಿ, ಪುಸ್ತಕದಲ್ಲಿ ಗುರುತು ಹಾಕಿಕೊಂಡು, ಮತ್ತೆ ಉಜ್ಜುತ್ತಿದ್ದರು. ನೆರೆಯ ಹಿರಿಯರು, “ಮಣ್ಣು ನೋಡುವವರು ಬಂದಿದ್ದಾರೆ, ಕಾಫಿ ಕೊಡಿ” ಎಂದರು. ಜಿಯಾಗ್ನಾಸ್ಟನ ಕೆಲಸ ಆ ಮಾತಿನಲ್ಲಿ ಸರಿಯಾಗಿ ಮೂಡಿದೆ ಎಂದು ಈಗ ಅನ್ನಿಸುತ್ತದೆ. ಆದರೆ ತೋಟದ ಮಣ್ಣನ್ನು ಪರೀಕ್ಷಿಸುವವರಿಗೂ ನಾವು ಹಾಗೆಯೇ ಹೇಳುವುದರಿಂದ, ಶಿಲೆಯನ್ನು ಓದುವ ವಿದ್ವಾಂಸನ ಬಿರುದಾಗಿ ಅದನ್ನು ನಿಲ್ಲಿಸುವುದು ಕಷ್ಟ.

ಆದ್ದರಿಂದ ಬಲ್ಲವರಲ್ಲಿ ನನ್ನ ಪ್ರಶ್ನೆಗಳು ಎರಡು. ‘ಭೂಜ್ಞ’ ಎಂಬ ರೂಪ ಹಳೆಯ ಕನ್ನಡ ಬರಹಗಳಲ್ಲಿ ಎಲ್ಲಿಯಾದರೂ ಬಳಕೆಯಾಗಿದೆಯೇ, ಆಗಿದ್ದರೆ ಯಾವ ಅರ್ಥದಲ್ಲಿ? ‘ಭೂಜ’ದೊಡನೆ ಗೊಂದಲವಾಗದಂತೆ ‘ಶಿಲಾಜ್ಞ’ ಎಂದರೆ ಮೂಲದ ‘ಭೂಮಿ’ಯನ್ನು ಬಿಟ್ಟುಕೊಟ್ಟಂತಾಗುವುದೇ?