ಬೇಸಿಗೆಯಲ್ಲಿ ಸೊರಗುತ್ತಿರುವ ಸೌರ್‌ಡೋ ಸ್ಟಾರ್ಟರ್: ಚೆಲ್ಲಬೇಕೇ, ಉಳಿಸಿಕೊಳ್ಳಬಹುದೇ?

ಪ್ರಶ್ನೆ (ವಿದ್ಯಾನಗರ, ದಾವಣಗೆರೆ)

ನಮಸ್ಕಾರ. ಚಳಿಗಾಲದುದ್ದಕ್ಕೂ ಚೆನ್ನಾಗಿ ಉಬ್ಬುತ್ತಿದ್ದ ನಮ್ಮ ಮನೆಯ ಸೌರ್‌ಡೋ ಸ್ಟಾರ್ಟರ್ (ಹುಳಿ ಬ್ರೆಡ್ ಉಬ್ಬಿಸಲು ಹಿಟ್ಟು, ನೀರು ಕಲಸಿ ಹುದುಗಿಸಿಟ್ಟುಕೊಳ್ಳುವ ಹೆಪ್ಪು) ಏಪ್ರಿಲ್ ಬಂದಾಗಿನಿಂದ ಸೊರಗಿದೆ. ಹಳೆಯ ಸ್ಟಾರ್ಟರ್ ಎಷ್ಟಿದೆಯೋ ಅಷ್ಟೇ ತೂಕದ ಗೋಧಿ ಹಿಟ್ಟು, ಅಷ್ಟೇ ನೀರು ಸೇರಿಸಿ ದಿನಕ್ಕೊಮ್ಮೆ ಬೆಳಿಗ್ಗೆ ಕಲಸಿಡುವ ಕ್ರಮವನ್ನು ನಾನು ಬದಲಿಸಿಲ್ಲ. ಆದರೂ ಮಧ್ಯಾಹ್ನದೊಳಗೆ ಅದು ಉಬ್ಬಿ ಕುಸಿಯುತ್ತದೆ. ಸಂಜೆಗೆ ಮೇಲೆ ಬೂದು ಬಣ್ಣದ ನೀರು ನಿಂತು, ಉಗುರುಬಣ್ಣ ಅಳಿಸುವ ದ್ರಾವಣದ ಘಾಟು ಬರುತ್ತದೆ. ಹಿಟ್ಟು ಅಂಟು ಕಳೆದುಕೊಂಡು ತೀರಾ ನೀರಾಗುತ್ತದೆ. ಬ್ರೆಡ್ ಕೂಡ ಚಪ್ಪಟೆಯಾಗಿ, ವಿಪರೀತ ಹುಳಿಯಾಗಿ ಬರುತ್ತಿದೆ. ಪಾಲಿಕೆಯ ನಲ್ಲಿ ನೀರಿನ ಕ್ಲೋರಿನ್ ಇದಕ್ಕೆ ಕಾರಣವಿರಬಹುದೇ? ಇದನ್ನು ಚೆಲ್ಲಿ ಹೊಸದನ್ನೇ ಆರಂಭಿಸಬೇಕೇ?

ಉತ್ತರ 1 (ಪಿ.ಜೆ. ಬಡಾವಣೆ, ದಾವಣಗೆರೆ)

ದಯವಿಟ್ಟು ಚೆಲ್ಲಬೇಡಿ. ತಾವು ವಿವರಿಸಿರುವುದೆಲ್ಲ ಹಸಿವಿನ ಲಕ್ಷಣ, ಸಾವಿನದಲ್ಲ. ಸ್ಟಾರ್ಟರ್‌ನಲ್ಲಿ ಹಿಟ್ಟನ್ನು ಉಬ್ಬಿಸುವ ಯೀಸ್ಟ್ ಮತ್ತು ಹುಳಿ ಬರಿಸುವ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾ ಒಟ್ಟಿಗೆ ಬಾಳುತ್ತವೆಯಾದರೂ, ಎರಡಕ್ಕೂ ಹಿತವಾದ ಶಾಖ ಒಂದೇ ಅಲ್ಲ. ಸಾಮಾನ್ಯವಾಗಿ ಸ್ಟಾರ್ಟರ್‌ನಲ್ಲಿ ನೆಲೆಸುವ ಕಾಡು ಯೀಸ್ಟ್ ಸುಮಾರು 27 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆದು, 35 ಡಿಗ್ರಿಯ ಆಸುಪಾಸಿನಲ್ಲಿ ಬಹಳ ಕುಗ್ಗುತ್ತದೆ. ಬ್ಯಾಕ್ಟೀರಿಯಾಗಳಿಗಾದರೋ 32–33 ಡಿಗ್ರಿಯೇ ಹಬ್ಬ. ನಮ್ಮೂರಿನ ಏಪ್ರಿಲ್ ಹಗಲಿನಲ್ಲಿ, ಒಲೆ ಉರಿಯುವ ಅಡುಗೆಮನೆಯಲ್ಲಿ ಯಾರ ಕೈ ಮೇಲಾಗುತ್ತದೆಂದು ಹೇಳಬೇಕಾಗಿಲ್ಲ. ಆಮ್ಲ ಹೆಚ್ಚಿದಂತೆ, ಹಿಟ್ಟಿನಲ್ಲೇ ಇರುವ ಪ್ರೋಟೀನ್ ಒಡೆಯುವ ಕಿಣ್ವಗಳು ಚುರುಕಾಗಿ, ಹಿಟ್ಟಿಗೆ ಅಂಟು ಕೊಡುವ ಪ್ರೋಟೀನಾದ ಗ್ಲುಟೆನ್ ಅನ್ನು ಕಡಿದುಹಾಕುತ್ತವೆ. ಹಿಟ್ಟು ನೀರಾಗುವುದೂ, ಬ್ರೆಡ್ ಚಪ್ಪಟೆಯಾಗುವುದೂ ಇದರಿಂದಲೇ.

ಆದ್ದರಿಂದ ಹಳೆಯದನ್ನು ಕಡಿಮೆ ಮಾಡಿ, ಹೊಸ ಹಿಟ್ಟನ್ನು ಹೆಚ್ಚಿಸಿ. 10 ಗ್ರಾಂ ಸ್ಟಾರ್ಟರ್‌ಗೆ 50 ಗ್ರಾಂ ಹಿಟ್ಟು, 50 ಗ್ರಾಂ ತಣ್ಣನೆಯ ನೀರು ಹಾಕಿದರೆ, ಉಳಿದುಬರುವ ಆಮ್ಲವೂ ತಗ್ಗುತ್ತದೆ, ತಿನ್ನಲು ಸಾಕಷ್ಟು ಹಿಟ್ಟೂ ಇರುತ್ತದೆ. ಕೆಲವು ದಿನ ಬೆಳಿಗ್ಗೆ, ರಾತ್ರಿ ಎರಡು ಹೊತ್ತೂ ಹೀಗೆ ಮಾಡಿ. ಗಡಿಯಾರಕ್ಕಿಂತ ಜಾಡಿಯನ್ನು ನಂಬುವುದು ಮೇಲು: ಜಾಡಿಗೆ ರಬ್ಬರ್ ಬ್ಯಾಂಡ್ ಕಟ್ಟಿ ಆರಂಭದ ಮಟ್ಟವನ್ನು ಗುರುತಿಸಿಟ್ಟು, ಹಿಟ್ಟು ತುದಿಗೇರಿ ನಡುಭಾಗ ಕುಸಿಯತೊಡಗುವ ಹೊತ್ತಿಗೆ ಮತ್ತೆ ಹಿಟ್ಟು ಹಾಕಬೇಕು.

ನೀರಿನ ಮೇಲಿನ ಅನುಮಾನ ನನಗೆ ಸರಿಯೆನಿಸುವುದಿಲ್ಲ. ನಲ್ಲಿ ನೀರಿನಲ್ಲಿರುವಷ್ಟು ಕ್ಲೋರಿನ್ ಬಲಿತ ಸ್ಟಾರ್ಟರ್‌ ಅನ್ನು ಸಾಮಾನ್ಯವಾಗಿ ಕೊಲ್ಲುವುದಿಲ್ಲ. ಸಮಾಧಾನಕ್ಕೆ ಬೇಕಿದ್ದರೆ ನೀರನ್ನು ಕಾಯಿಸಿ ಆರಿಸಿಕೊಳ್ಳಿ.

ಉತ್ತರ 2 (ಚಿತ್ರದುರ್ಗ)

ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಆದರೆ ಶಾಖವನ್ನು ಇಳಿಸದೆ ಹಿಟ್ಟನ್ನಷ್ಟೇ ಹೆಚ್ಚಿಸಿದರೆ ಹಿಟ್ಟು ಖರ್ಚಾಗುತ್ತದೆಯೇ ಹೊರತು ಪೂರ್ತಿ ಫಲ ಸಿಗದು. ನಮ್ಮ ಕಡೆಯ ಬೇಸಿಗೆಯ ಗಾಳಿ ಒಣಗಾಳಿಯಾದ್ದರಿಂದ, ಹರವಿಯ ನೀರನ್ನು ತಣ್ಣಗಿಡುವ ಉಪಾಯವೇ ಇಲ್ಲಿಯೂ ನಡೆಯುತ್ತದೆ. ಅಗಲವಾದ ತಟ್ಟೆಯಲ್ಲಿ ನೀರು ಹಾಕಿ, ಜಾಡಿಯನ್ನು ಅದರಲ್ಲಿಟ್ಟು, ತುದಿಗಳು ನೀರಿನಲ್ಲಿ ಅದ್ದಿರುವಂತೆ ಹತ್ತಿಬಟ್ಟೆಯನ್ನು ಸುತ್ತಿ ಗಾಳಿಯಾಡುವ ಕಡೆ ಇಡಿ. ಒಳಗಿನ ಶಾಖ ಕೆಲವು ಡಿಗ್ರಿ ಇಳಿಯುತ್ತದೆ. ಇರುವೆ ಹತ್ತುವುದೂ ತಪ್ಪುತ್ತದೆ. ಮಳೆಗಾಲದ ತೇವದ ಗಾಳಿಯಲ್ಲಿ ಇದು ಅಷ್ಟಾಗಿ ನಡೆಯದು, ಆಗ ಅದರ ಅಗತ್ಯವೂ ಇಲ್ಲ.

ಇನ್ನೊಂದು ದಾರಿ ಗಟ್ಟಿ ಸ್ಟಾರ್ಟರ್. ಹಿಟ್ಟಿನ ತೂಕದ ಅರ್ಧದಷ್ಟೇ ನೀರು ಹಾಕಿ ಚಪಾತಿ ಹಿಟ್ಟಿನ ಹದಕ್ಕೆ ಕಲಸಿಟ್ಟರೆ ಹುದುಗು ನಿಧಾನವಾಗುತ್ತದೆ. ಬೇಸಿಗೆಗೆ ನಾನು ಇದನ್ನೇ ಹೆಚ್ಚು ಮೆಚ್ಚುತ್ತೇನೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಒಂದು ಚಮಚ ರಾಗಿ ಹಿಟ್ಟು ಸೇರಿಸಿದರೆ ಚುರುಕಾಗುತ್ತದೆಂದು ಪರಿಚಿತರೊಬ್ಬರು ಹೇಳುತ್ತಾರೆ, ಇದು ಸರಿಯೇ? ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಫ್ರಿಜ್ಜಿನಲ್ಲಿಟ್ಟರೆ ಸಾಕೇ?

ಉತ್ತರ 3 (ಹಿರಿಯೂರು)

ರಾಗಿ ಹಿಟ್ಟಿನಿಂದ ಚುರುಕಾಗುವುದು ನಿಜ, ಆದರೆ ತಮ್ಮ ಸ್ಟಾರ್ಟರ್‌ಗೆ ಈಗ ಬೇಕಿರುವುದು ಚುರುಕಲ್ಲ. ತೌಡು ಇರುವ ಯಾವುದೇ ಹಿಟ್ಟು ಹುದುಗನ್ನು ಬೇಗಗೊಳಿಸುತ್ತದೆ. ಗಿರಣಿಯ ಗೋಧಿ ಹಿಟ್ಟೂ ಹಾಗೆಯೇ. ಬಿಸಿಲು ಇಳಿಯುವವರೆಗೆ ಅರ್ಧ ಮೈದಾ, ಅರ್ಧ ಗೋಧಿ ಹಿಟ್ಟು ಬಳಸಿ. ಗಿರಣಿಯಿಂದ ತಂದ ಬಿಸಿ ಹಿಟ್ಟನ್ನು ಪೂರ್ತಿ ಆರಿಸಿಯೇ ಹಾಕಿ.

ಫ್ರಿಜ್ಜಿನಲ್ಲಿ, ಅಂದರೆ ಸುಮಾರು 4 ಡಿಗ್ರಿಯಲ್ಲಿ, ಹಿಟ್ಟು ಹಾಕಿ ಸ್ವಲ್ಪ ಉಬ್ಬತೊಡಗಿದ ಮೇಲೆ ಇಟ್ಟರೆ ವಾರಕ್ಕೊಮ್ಮೆ ಹಿಟ್ಟು ಹಾಕಿದರೂ ನಡೆಯುತ್ತದೆ. ಅನಿಲ ಹೊರಹೋಗುವಂತೆ ಮುಚ್ಚಳವನ್ನು ಸಡಿಲವಾಗಿಡಿ. ಬ್ರೆಡ್ ಮಾಡುವ ಮೊದಲು ಹೊರಗಿಟ್ಟು ಎರಡು ಸಲವಾದರೂ ಹಿಟ್ಟು ಹಾಕಿ ಎಬ್ಬಿಸಬೇಕು; ಫ್ರಿಜ್ಜಿನಿಂದ ನೇರವಾಗಿ ಕಲಸಿ ನಿರಾಶರಾಗುವವರೇ ಹೆಚ್ಚು. ಮೇಲೆ ನಿಂತ ಬೂದು ನೀರನ್ನು ಚೆಲ್ಲಿ ಮುಂದುವರಿಯಬಹುದು, ಆದರೆ ಗುಲಾಬಿ ಅಥವಾ ಕಿತ್ತಳೆ ಗೆರೆ ಕಂಡರೆ, ಬೂಷ್ಟು ಹಿಡಿದರೆ, ಮೇಲಿನದನ್ನು ಕೆರೆದು ಉಳಿಸುವ ಆಸೆ ಬೇಡ, ಪೂರ್ತಿ ಎಸೆದುಬಿಡಿ.

ಅದಕ್ಕಾಗಿಯೇ ಊರಿಗೆ ಹೋಗುವ ಮೊದಲು ಸ್ವಲ್ಪ ಸ್ಟಾರ್ಟರ್‌ ಅನ್ನು ಒಣಗಿಸಿಟ್ಟುಕೊಳ್ಳಿ. ಚೆನ್ನಾಗಿ ಉಬ್ಬಿರುವಾಗ ಬಟರ್ ಪೇಪರಿನ ಮೇಲೆ ತೆಳ್ಳಗೆ ಸವರಿ, ಬಿಸಿಲಿಗಿಡದೆ ಫ್ಯಾನಿನ ಕೆಳಗೆ ಒಣಗಿಸಿ, ಹಪ್ಪಳದಂತೆ ಮುರಿಯುವಷ್ಟಾದ ಮೇಲೆ ಪುಡಿಮಾಡಿ ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಹಲವು ತಿಂಗಳು ಕೆಡುವುದಿಲ್ಲ. ಬೇಕಾದಾಗ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಹಿಟ್ಟು ಹಾಕುತ್ತ ಹೋದರೆ ಕೆಲವೇ ದಿನಗಳಲ್ಲಿ ಮತ್ತೆ ಉಬ್ಬತೊಡಗುತ್ತದೆ.